ದ್ವೀಪವೂ ಬೆಳ್ಳಿತೆರೆಯೂ: ದೇಶೌಚಿತ್ಯದ ಒಂದು ವಿಚಾರ

೧

ಕಾವ್ಯದಲ್ಲಿ ದೇಶವರ್ಣನೆಗೆ ಸಲ್ಲಬೇಕಾದ ಸ್ಥಾನವೇನೆಂಬುದನ್ನು ನಮ್ಮ ಆಲಂಕಾರಿಕರು ಬಹುಕಾಲದ ಹಿಂದೆಯೇ ವಿಚಾರಿಸಿದ್ದಾರೆ. ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವೂ ಪರ್ವತವೂ ಸೇರಿವೆ. ರಸಸಿದ್ಧಾಂತದಲ್ಲಿ ಉಪವನ, ಚಂದ್ರೋದಯ, ಮಲಯಾನಿಲ ಮೊದಲಾದುವು ಉದ್ದೀಪನವಿಭಾವಗಳೆನಿಸಿವೆ. ಅಂದರೆ, ನಾಯಕನಾಯಿಕೆಯರಲ್ಲಿ ಆಗಲೇ ಅಂಕುರಿಸಿರುವ ಭಾವವನ್ನು ಅವು ಪ್ರಜ್ವಲಗೊಳಿಸುತ್ತವೆಯೇ ಹೊರತು ತಾವೇ ಆ ಭಾವಕ್ಕೆ ಆಲಂಬನವಾಗುವುದಿಲ್ಲ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದು ಸಾರಿ, ಅದರ ಪ್ರಭೇದಗಳನ್ನು ಎಣಿಸುವಾಗ ದೇಶೌಚಿತ್ಯವನ್ನೂ ಒಂದಾಗಿ ಹೇಳಿದ್ದಾನೆ.

ಈ ಹಳೆಯ ವಿಚಾರವನ್ನು ಚಲಚ್ಚಿತ್ರವೆಂಬ ಹೊಸ ಕಲೆಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ಅನ್ವಯಿಸುವ ಮೊದಲು ಒಂದು ಭೇದವನ್ನು ಗಮನಿಸಬೇಕು. ಕವಿಯ ಸಮುದ್ರ ಶಬ್ದದಿಂದ ಆದದ್ದು. ಅದನ್ನು ಅವನು ಎಷ್ಟು ಬಾರಿ ಕಡೆದರೂ ಕರಾವಳಿಯ ಒಂದು ಮೀನಿಗೂ ತೊಂದರೆಯಿಲ್ಲ. ಚಲಚ್ಚಿತ್ರದ ಸಮುದ್ರ ನಿಜವಾದ ಸಮುದ್ರ. ಅದರ ದಡದಲ್ಲಿ ಯಾರೋ ವಾಸಿಸುತ್ತಿರುತ್ತಾರೆ; ಅದಕ್ಕೆ ಅವರಿಟ್ಟ ಹೆಸರಿದೆ, ಅವರ ಹಿರಿಯರ ಕಥೆಯಿದೆ. ಕ್ಯಾಮರಾ ಆ ದಡದ ರೂಪವನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಬಿಟ್ಟುಬಿಡಬಲ್ಲದು. ಹಾಗೆ ಬಿಟ್ಟಾಗ ಕೃತಿಗೆ ಏನಾದರೂ ನಷ್ಟವಾಗುತ್ತದೆಯೇ? ಆ ಸ್ಥಳಕ್ಕೆ ಏನಾಗುತ್ತದೆ? ಈ ಎರಡು ಪ್ರಶ್ನೆಗಳನ್ನು ನಾವು ಉಷ್ಣವಲಯದ ದ್ವೀಪಗಳ ವಿಷಯದಲ್ಲಿ ಮಾತ್ರ ಎತ್ತಿಕೊಂಡಿದ್ದೇವೆ. ಚಲಚ್ಚಿತ್ರವೂ ಈಚೆಗೆ ದೂರದರ್ಶನವೂ ಸುಮಾರು ನೂರು ವರ್ಷಗಳಿಂದ ಮತ್ತೆ ಮತ್ತೆ ಹಿಂದಿರುಗಿದ ತಾಣಗಳಲ್ಲಿ ಇವು ಮುಖ್ಯವಾದುವು.

ದ್ವೀಪವನ್ನು ಚಿತ್ರಕಾರರು ಅಷ್ಟಾಗಿ ಮೆಚ್ಚಲು ಕಾರಣಗಳು ಸ್ಪಷ್ಟವಾಗಿವೆ. ಅಲ್ಲಿ ಚಳಿಗಾಲದ ಅಡ್ಡಿಯಿಲ್ಲ, ಬೆಳಕು ಸಮೃದ್ಧ. ಅಲ್ಪ ವಿಸ್ತಾರದಲ್ಲಿ ಬಹುವಿಧವಾದ ಭೂದೃಶ್ಯ ದೊರೆಯುತ್ತದೆ. ಹವಾಯಿಯ ಕವಾಯಿ ದ್ವೀಪವನ್ನೇ ನೋಡಬಹುದು. ವ್ಯಾಪಾರಮಾರುತಗಳು ಹೊತ್ತು ತಂದ ತೇವವೆಲ್ಲ ಅದರ ನಡುವಣ ವೈಆಲೆಆಲೆ ಶಿಖರಕ್ಕೆ ತಾಕಿ, ಅಲ್ಲಿ ವರ್ಷಕ್ಕೆ ಸರಾಸರಿ ಒಂಬತ್ತು ಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಬೆಟ್ಟದ ಮರೆಯಲ್ಲಿರುವ ಪಶ್ಚಿಮದ ತೀರವಾದರೋ ಒಣಭೂಮಿ. ಆಗುಂಬೆಯ ಮಳೆಗೂ ಚಿತ್ರದುರ್ಗದ ಬಿಸಿಲಿಗೂ ಇರುವ ಅಂತರವನ್ನು ಅಲ್ಲಿ ಸ್ವಲ್ಪ ಹೊತ್ತಿನ ಪ್ರಯಾಣದಲ್ಲಿ ಕಾಣಬಹುದು. ಚಿತ್ರ ತಯಾರಿಸುವವರಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೊಂದಿಲ್ಲ. ಆದರೆ ಅನುಕೂಲವೇ ಔಚಿತ್ಯವಲ್ಲ.

ದ್ವೀಪವು ಬೆಳ್ಳಿತೆರೆಯ ಮೇಲೆ ಮೂರು ಬಗೆಯಲ್ಲಿ ಬಂದಿದೆ ಎಂದು ನಾವು ಭಾವಿಸುತ್ತೇವೆ: ತಾನೇ ತಾನಾಗಿ, ಇನ್ನೊಂದು ನಾಡಿನ ವೇಷದಲ್ಲಿ, ಮತ್ತು ಯಾರದೂ ಅಲ್ಲದ ಬರಿಯ ನೆಲವಾಗಿ. ಇವನ್ನು ಒಂದೊಂದಾಗಿ ಪರಿಶೀಲಿಸೋಣ.

೨

ಮೊದಲನೆಯ ಬಗೆಗೆ ರಾಬರ್ಟ್ ಫ್ಲಾಹರ್ಟಿಯ 'ಮೋಆನ' (೧೯೨೬) ಆದ್ಯ ಉದಾಹರಣೆಗಳಲ್ಲಿ ಒಂದು. ಹಿಮಪ್ರದೇಶದ ಜೀವನವನ್ನು ಕುರಿತ 'ನಾನೂಕ್' (೧೯೨೨) ಕೀರ್ತಿ ಗಳಿಸಿದ ಮೇಲೆ ಫ್ಲಾಹರ್ಟಿ ಕುಟುಂಬಸಮೇತನಾಗಿ ೧೯೨೩ರಲ್ಲಿ ಸಾಮೋಆದ ಸವಾಯಿ ದ್ವೀಪಕ್ಕೆ ಹೋಗಿ, ಸಫೂನೆ ಎಂಬ ಹಳ್ಳಿಯಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ನೆಲೆಸಿದನು. ಗೆಣಸು ಕೀಳುವುದು, ತೊಗಟೆಯನ್ನು ಬಡಿದು ಬಟ್ಟೆ ಮಾಡುವುದು, ಆಮೆ ಹಿಡಿಯುವುದು, ತರುಣನೊಬ್ಬನಿಗೆ ಹಚ್ಚೆ ಚುಚ್ಚುವುದು, ಇವೇ ಚಿತ್ರದ ವಸ್ತು. ಈ ಚಿತ್ರವನ್ನು ವಿಮರ್ಶಿಸುತ್ತ ಜಾನ್ ಗ್ರಿಯರ್ಸನ್ ಬಳಸಿದ ಒಂದು ವಿಶೇಷಣದಿಂದಲೇ 'ಡಾಕ್ಯುಮೆಂಟರಿ' ಎಂಬ ಪ್ರಕಾರಕ್ಕೆ ಹೆಸರು ಬಂತೆಂಬುದು ಚಿತ್ರಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ.

ಈ ಕೃತಿಯ ಗುಣ ನಿರ್ವಿವಾದ. ಮೈಬಣ್ಣವನ್ನೂ ಎಲೆಯ ಹಸುರನ್ನೂ ಸೂಕ್ಷ್ಮವಾಗಿ ಗ್ರಹಿಸಬಲ್ಲ ಹೊಸ ಬಗೆಯ ಫಿಲ್ಮನ್ನು ಬಳಸಿದ್ದರಿಂದ, ಕಪ್ಪು ಬಿಳುಪಿನಲ್ಲಿಯೂ ಸಾಮೋಆದ ಬಿಸಿಲು ಮೈಗೆ ತಾಕುವಂತಿದೆ. ಕೆಲಸ ಮಾಡುವ ಕೈಗಳನ್ನು ಫ್ಲಾಹರ್ಟಿ ತೋರಿಸುವ ತಾಳ್ಮೆ ಅಪೂರ್ವವಾದದ್ದು. ಆದರೆ ಇದರಲ್ಲಿರುವ ದೇಶ ಎಂದಿನದು? ಸಫೂನೆಯ ಜನರು ಆ ವೇಳೆಗೆ ಪಾಶ್ಚಾತ್ಯ ಉಡುಪಿಗೆ ಒಗ್ಗಿದ್ದರು. ಚಿತ್ರಕ್ಕಾಗಿ ಅವರಿಗೆ ಹಿಂದಿನ ತೊಗಟೆಬಟ್ಟೆಯನ್ನು ಉಡಿಸಲಾಯಿತು. ಚಿತ್ರದ ಉಪಶೀರ್ಷಿಕೆಯಾದರೋ ಅದನ್ನು ಸುವರ್ಣಯುಗದ ಪ್ರೇಮಕಥನವೆಂದು ಕರೆಯಿತು. ಈ ಸುವರ್ಣಯುಗಕ್ಕೆ ಐದೇ ವರ್ಷಗಳ ಹಿಂದೆ, ೧೯೧೮ರ ನವೆಂಬರಿನಲ್ಲಿ, ಹಡಗೊಂದರ ಮೂಲಕ ಬಂದ ಇನ್‌ಫ್ಲುಯೆಂಜಾ ಜ್ವರದಿಂದ ಪಶ್ಚಿಮ ಸಾಮೋಆದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಡಿದಿತ್ತು. ತೆರೆಯ ಮೇಲೆ ನಗುವ ಕುಟುಂಬದ ಹಿಂದೆ ಇಂಥ ಹೊಸ ಸಮಾಧಿಗಳ ಸಾಲಿತ್ತೆಂಬುದನ್ನು ಚಿತ್ರದಿಂದ ನಾವು ತಿಳಿಯಲಾರೆವು. ಸ್ಥಳ ನಿಜ, ಜನ ನಿಜ, ಕೆಲಸ ನಿಜ. ಕಾಲವೊಂದು ಮಾತ್ರ ಕಲ್ಪಿತ. ದೇಶೌಚಿತ್ಯವನ್ನು ಕಾಲೌಚಿತ್ಯದಿಂದ ಬೇರ್ಪಡಿಸಲಾಗದೆಂಬುದಕ್ಕೆ ಇದು ದೃಷ್ಟಾಂತ.

ಈ ಕೃತಿಯ ಉತ್ತರಚರಿತ್ರೆ ಅಷ್ಟೇ ಸ್ವಾರಸ್ಯವಾದದ್ದು. ಮೂರು ವರ್ಷದ ಮಗುವಾಗಿ ತಂದೆಯೊಡನೆ ಅಲ್ಲಿದ್ದ ಮೋನಿಕಾ ಫ್ಲಾಹರ್ಟಿ ೧೯೭೫ರಲ್ಲಿ ಸವಾಯಿಗೆ ಮರಳಿ, ಅಲ್ಲಿಯ ಜನರ ಮಾತು, ಹಾಡು, ಅಲೆಯ ಮೊರೆತಗಳನ್ನು ಮುದ್ರಿಸಿಕೊಂಡು ಬಂದು, ಮೂಕಚಿತ್ರಕ್ಕೆ ಧ್ವನಿಯನ್ನು ಜೋಡಿಸಿದರು. ಸಾಮೋಆದ ಜನ ತೆರೆಯ ಮೇಲೆ ತಮ್ಮ ನುಡಿಯನ್ನಾಡುವುದಕ್ಕೆ ಅರ್ಧ ಶತಮಾನ ಹಿಡಿಯಿತು.

ಇದರ ಪಕ್ಕದಲ್ಲಿ ಮುರ್ನೌ ದಿಗ್ದರ್ಶಿಸಿದ 'ತಾಬು' (೧೯೩೧) ಚಿತ್ರವನ್ನಿಟ್ಟು ನೋಡಬೇಕು. ಬೋರಾ ಬೋರಾ ದ್ವೀಪದಲ್ಲಿ ತೆಗೆದ ಈ ಕೃತಿಯ ಆರಂಭದಲ್ಲಿ ಫ್ಲಾಹರ್ಟಿಯೂ ಪಾಲುಗಾರನಾಗಿದ್ದು ಮಧ್ಯದಲ್ಲಿ ಹೊರನಡೆದನು. ಮುರ್ನೌ ಪ್ರಥಮ ಪ್ರದರ್ಶನಕ್ಕೆ ಒಂದು ವಾರ ಮುಂಚೆ ಅಪಘಾತದಲ್ಲಿ ತೀರಿಕೊಂಡನು. ಸ್ವರ್ಗ, ಸ್ವರ್ಗಭ್ರಂಶ ಎಂಬ ಎರಡು ಭಾಗಗಳಾಗಿ ಕಥೆ ಸಾಗುತ್ತದೆ. ದೇವರಿಗೆ ಮೀಸಲಾದ ಕನ್ಯೆಯೊಡನೆ ಪಲಾಯನಗೈದ ಮುತ್ತಿನ ಮುಳುಗುಗಾರ ವಸಾಹತುಶಾಹಿಯ ದ್ವೀಪವೊಂದನ್ನು ಸೇರುತ್ತಾನೆ. ಅಲ್ಲಿ ನಾಣ್ಯದ ಅರ್ಥವರಿಯದೆ ಸಾಲದ ಚೀಟಿಗಳಿಗೆ ಸಹಿ ಹಾಕುತ್ತಾನೆ; ಕೊನೆಗೆ ಆ ಸಾಲವೇ ಅವನ ದಾರಿಯನ್ನು ಮುಚ್ಚುತ್ತದೆ. ಮೊದಲ ಭಾಗದ ಜಲಪಾತಗಳಲ್ಲಿ ಮುರ್ನೌ ಕೂಡ ಪ್ರವಾಸಿಯ ಕಣ್ಣಿನಿಂದಲೇ ನೋಡಿದ್ದಾನೆಂದು ಒಪ್ಪಬೇಕು. ಆದರೆ ಎರಡನೆಯ ಭಾಗದಲ್ಲಿ ದ್ವೀಪಕ್ಕೆ ಅಂಗಡಿ ಬರುತ್ತದೆ, ಪೋಲೀಸು ಬರುತ್ತದೆ, ಲೆಕ್ಕದ ಪುಸ್ತಕ ಬರುತ್ತದೆ. ದ್ವೀಪವು ಇಲ್ಲಿ ಉದ್ದೀಪನದ ಅಂತಸ್ತಿನಿಂದ ಮೇಲೇರಿ, ನಾಯಕನ ದುರಂತಕ್ಕೆ ಕಾರಣವಾಗುವ ಸಮಾಜವಾಗಿ ಪರಿಣಮಿಸುತ್ತದೆ. 'ಮೋಆನ'ದಲ್ಲಿ ದೊರೆಯದ ಕಾಲಸತ್ಯ ಕಲ್ಪಿತ ಕಥೆಯಾದ 'ತಾಬು'ವಿನಲ್ಲಿ ದೊರೆಯುತ್ತದೆಂಬುದು ಯೋಚಿಸತಕ್ಕ ವಿಷಯ.

೩

ಎರಡನೆಯ ಬಗೆಯಲ್ಲಿ ದ್ವೀಪವು ವೇಷಧಾರಿ. ಹವಾಯಿಯ ದ್ವೀಪಗಳು ಇದರಲ್ಲಿ ಅಗ್ರಗಣ್ಯ. ೧೯೮೧ರ 'ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಚಿತ್ರದ ಆರಂಭದಲ್ಲಿ ಕಾಣುವ ದಕ್ಷಿಣ ಅಮೆರಿಕದ ಕಾಡು ಕವಾಯಿಯದು. ೧೯೯೩ರ 'ಜುರಾಸಿಕ್ ಪಾರ್ಕ್' ಚಿತ್ರದಲ್ಲಿ ಕೋಸ್ಟರೀಕದ ಆಚೆ ಇರುವುದೆಂದು ಹೇಳಲಾದ ಕಲ್ಪಿತ ದ್ವೀಪವೂ ಬಹುಮಟ್ಟಿಗೆ ಕವಾಯಿಯದೇ. ೨೦೦೪ರಿಂದ ೨೦೧೦ರವರೆಗೆ ಪ್ರಸಾರವಾದ 'ಲಾಸ್ಟ್' ಎಂಬ ದೂರದರ್ಶನ ಧಾರಾವಾಹಿಯಲ್ಲಿ ಒವಾಹು ದ್ವೀಪವು ಹೆಸರಿಲ್ಲದ ದ್ವೀಪವಾದುದು ಮಾತ್ರವಲ್ಲ, ಪಾತ್ರಗಳ ಪೂರ್ವಕಥೆಗಳಿಗಾಗಿ ಇರಾಕು, ಕೊರಿಯ, ನೈಜೀರಿಯ ಮೊದಲಾದ ದೇಶಗಳೂ ಆಯಿತು.

ವೇಷವೇ ದೋಷವೆಂದು ನಾವು ಹೇಳುವುದಿಲ್ಲ. ನಟನು ರಾಮನಾಗುವುದೂ ರಾವಣನಾಗುವುದೂ ಕಲೆಯ ಧರ್ಮ. ಸ್ಥಳಕ್ಕೂ ಆ ಧರ್ಮ ಸಲ್ಲಬಾರದೇಕೆ? ಆದರೆ ನಟನ ಹೆಸರನ್ನು ಪ್ರೇಕ್ಷಕನು ಬಲ್ಲ. ವೇಷ ಕಳಚಿದ ಮೇಲೆ ಅವನು ತನ್ನ ಮನೆಗೆ ಹೋಗುತ್ತಾನೆ. ಸ್ಥಳದ ವೇಷ ಅಷ್ಟು ಸುಲಭವಾಗಿ ಕಳಚುವುದಿಲ್ಲ. 'ಸೌತ್ ಪೆಸಿಫಿಕ್' (೧೯೫೮) ಚಿತ್ರವನ್ನು ತೆಗೆದುಕೊಳ್ಳಿ. ಇದರ ಮೂಲ ಜೇಮ್ಸ್ ಮಿಚೆನರ್ ೧೯೪೭ರಲ್ಲಿ ಪ್ರಕಟಿಸಿದ ಕಥೆಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯೂ ಹೆಬ್ರಿಡೀಸ್ ದ್ವೀಪಸ್ತೋಮದಲ್ಲಿದ್ದಾಗ, ದೂರದಲ್ಲಿ ಕಾಣುತ್ತಿದ್ದ ಅಂಬಾಯೆ ದ್ವೀಪ ಅವನ ಕಲ್ಪನೆಯಲ್ಲಿ ಬಾಲಿ ಹಾಯ್ ಎಂಬ ಮೋಹಕ ದ್ವೀಪವಾಯಿತು. ಚಿತ್ರ ತೆಗೆಯುವಾಗ ಅಂಬಾಯೆಯ ಪಾತ್ರ ಕವಾಯಿಗೆ ಬಂತು. ಹಾಎನದ ಬಳಿಯ ಮಕಾನ ಎಂಬ ಬೆಟ್ಟವನ್ನು ಪ್ರವಾಸಿಗಳು ಇಂದಿಗೂ ಬಾಲಿ ಹಾಯ್ ಎಂದೇ ಕರೆಯುತ್ತಾರೆ. ಹೀಗೆ ಒಂದು ಕೃತಿಯಿಂದ ಎರಡು ಸ್ಥಳಗಳು ಮರೆಯಾದುವು: ಮಕಾನದ ಹೆಸರು ಹಿಂದೆ ಸರಿಯಿತು, ಅಂಬಾಯೆಯ ರೂಪವೇ ಕಾಣದಾಯಿತು.

ಇದರಿಂದ ಏನಾಯಿತೆಂದು ಕೇಳಬಹುದು. ನ್ಯೂ ಹೆಬ್ರಿಡೀಸ್ ೧೯೮೦ರಲ್ಲಿ ವನುವಾಟು ಎಂಬ ಸ್ವತಂತ್ರರಾಷ್ಟ್ರವಾಯಿತು. ೨೦೧೭ರ ಸೆಪ್ಟೆಂಬರಿನಲ್ಲಿ ಅಂಬಾಯೆಯ ಜ್ವಾಲಾಮುಖಿ ಕೆರಳಿದಾಗ, ದ್ವೀಪದ ಸುಮಾರು ೧೧,೦೦೦ ನಿವಾಸಿಗಳೆಲ್ಲರೂ ದೋಣಿಗಳಲ್ಲಿ ಬೇರೆ ದ್ವೀಪಗಳಿಗೆ ತೆರಳಬೇಕಾಯಿತು. ೨೦೧೮ರಲ್ಲಿ ಮತ್ತೊಮ್ಮೆ ಅದೇ ಗತಿ. ಬೂದಿ ಬಿದ್ದು ತೋಟಗಳೂ ಕುಡಿಯುವ ನೀರೂ ಕೆಟ್ಟವು. ಬಾಲಿ ಹಾಯ್‌ಯ ಗೀತವನ್ನು ಬಲ್ಲ ಲಕ್ಷಾಂತರ ಮಂದಿಯಲ್ಲಿ ಎಷ್ಟು ಜನ ಈ ಸುದ್ದಿಯನ್ನು ಕೇಳಿ, ತಾವು ಪ್ರೀತಿಸಿದ ದ್ವೀಪವೇ ಇದೆಂದು ಅರಿತಿದ್ದಾರು? ಪ್ರೀತಿಯು ಬೇರೆ ವಿಳಾಸಕ್ಕೆ ಹೋಗಿ ತಲಪಿತ್ತು.

ಕವಾಯಿಗೂ ತನ್ನದೇ ಆದ ವಿಪತ್ತು ಬಂದಿತು. 'ಜುರಾಸಿಕ್ ಪಾರ್ಕ್'ನ ಚಿತ್ರೀಕರಣ ಅಲ್ಲಿ ಮುಗಿಯುತ್ತ ಬಂದಿದ್ದಾಗ, ೧೯೯೨ರ ಸೆಪ್ಟೆಂಬರ್ ೧೧ರಂದು ಇನಿಕಿ ಎಂಬ ಚಂಡಮಾರುತ ದ್ವೀಪದ ಮೇಲೆರಗಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ನೆಲಸಮ ಮಾಡಿತು. ಚಿತ್ರತಂಡ ಹೋಟೆಲಿನಲ್ಲಿ ಆಶ್ರಯ ಪಡೆದು ಬದುಕಿತು. ಆ ಚಿತ್ರದಲ್ಲಿ ಬಿರುಗಾಳಿ ಇದೆ. ಕಥೆಗೆ ತಿರುವು ಕೊಡುವುದೇ ಅದು. ಆದರೆ ಮನೆ ಕಳೆದುಕೊಳ್ಳುವವರು ಯಾರೂ ಅದರಲ್ಲಿಲ್ಲ, ಏಕೆಂದರೆ ಆ ಕಲ್ಪಿತ ದ್ವೀಪದಲ್ಲಿ ಊರೇ ಇಲ್ಲ. ಬಿರುಗಾಳಿಯು ಅಲ್ಲಿ ಭಯಾನಕರಸಕ್ಕೆ ಉದ್ದೀಪನವಾಗಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಕರುಣಕ್ಕೆ ಎಡೆಯಿಲ್ಲ.

೪

ಮೂರನೆಯ ಬಗೆಯಲ್ಲಿ ದ್ವೀಪವು ಯಾರದೂ ಅಲ್ಲದ ನೆಲ. ಈ ಕಲ್ಪನೆಯ ಸಾಹಿತ್ಯಮೂಲ ಡೇನಿಯಲ್ ಡಿಫೋ ೧೭೧೯ರಲ್ಲಿ ಬರೆದ 'ರಾಬಿನ್‌ಸನ್ ಕ್ರೂಸೋ' ಕಾದಂಬರಿಯೆಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದೇ. ಸ್ವೀಡನ್ನಿನಲ್ಲಿ ೧೯೯೭ರಲ್ಲಿ ಆರಂಭವಾದ ದೂರದರ್ಶನದ ಸ್ಪರ್ಧೆಯೊಂದು ಅವನ ಹೆಸರನ್ನೇ ಇಟ್ಟುಕೊಂಡಿತು. ಅದರಿಂದ ಹುಟ್ಟಿದ ಅಮೆರಿಕದ 'ಸರ್ವೈವರ್' ೨೦೦೦ದಲ್ಲಿ ಬೋರ್ನಿಯೋದ ಸಾಬಾ ತೀರದ ಪುಲಾವ್ ತೀಗಾ ದ್ವೀಪದಲ್ಲಿ ೧೬ ಮಂದಿಯನ್ನು ೩೯ ದಿನಗಳ ಕಾಲ ಇರಿಸಿತು. ೨೦೧೬ರಿಂದೀಚೆಗೆ ಅದರ ತಾಣ ಫಿಜಿಯ ಮಮನೂಕ ದ್ವೀಪಗಳು. ಸ್ಪರ್ಧಿಗಳ ಗುಂಪಿಗೆ ಅಲ್ಲಿ ಬುಡಕಟ್ಟು ಎಂದು ಹೆಸರು. ಪಂಜಿನ ಬೆಳಕಿನಲ್ಲಿ ಅವರ ಸಭೆ. ನಿಜವಾಗಿ ಕುಲವೂ ಕಟ್ಟಳೆಯೂ ಉಳ್ಳ ಜನರ ನಾಡಿಗೆ ಹೋಗಿ, ಅವರನ್ನು ಚೌಕಟ್ಟಿನಿಂದ ಹೊರಗಿಟ್ಟು, ಅವರ ಸಂಸ್ಥೆಗಳ ನಕಲನ್ನು ಆಟವಾಗಿ ಆಡುವುದರಲ್ಲಿ ಒಂದು ವ್ಯಂಗ್ಯವಿದೆ. ಕಾರ್ಯಕ್ರಮಕ್ಕೆ ಮಾತ್ರ ಅದು ತಿಳಿದಂತೆ ತೋರುವುದಿಲ್ಲ.

ನಿರ್ಜನತೆಯ ಚಿತ್ರಣವೆಲ್ಲ ಹೀಗೆಯೇ ಎನ್ನಲಾಗದು. ಅದೇ ಮಮನೂಕ ದ್ವೀಪಗಳಲ್ಲಿ ಒಂದಾದ ಮೊನುರಿಕಿಯಲ್ಲಿ ತೆಗೆದ 'ಕಾಸ್ಟ್ ಅವೇ' (೨೦೦೦) ಚಿತ್ರದಲ್ಲಿ, ನಾಯಕನು ದ್ವೀಪದಲ್ಲಿರುವಷ್ಟು ಕಾಲವೂ ಹಿನ್ನೆಲೆಸಂಗೀತವಿಲ್ಲ. ಗಾಳಿ, ಅಲೆ, ತೆಂಗಿನಕಾಯಿ ಬೀಳುವ ಸದ್ದು, ಇಷ್ಟೆ. ಏಕಾಂತವೇ ಆ ಕೃತಿಯ ವಸ್ತುವಾದ್ದರಿಂದ ನಿರ್ಜನತೆ ಅಲ್ಲಿ ಉಚಿತ. ಅಲ್ಲದೆ ದ್ವೀಪವನ್ನು ಆ ಚಿತ್ರ ಸ್ವರ್ಗವೆಂದು ಕರೆಯುವುದಿಲ್ಲ. ಬರಿಗಾಲಿಗೆ ಚುಚ್ಚುವ ಹವಳವನ್ನು ಪ್ರೇಕ್ಷಕನು ಮರೆಯಲಾರ.

ಅದೇ ವರ್ಷ ಬಂದ, ಡ್ಯಾನಿ ಬಾಯ್ಲ್ ದಿಗ್ದರ್ಶಿಸಿದ 'ದಿ ಬೀಚ್' ಚಿತ್ರದ ವಿಷಯ ಬೇರೆ. ಇದರ ತಾಣ ಥಾಯ್ಲೆಂಡಿನ ಕ್ರಾಬಿ ಪ್ರಾಂತದ ಫಿಫಿ ಲೇ ದ್ವೀಪದ ಮಾಯಾ ಕೊಲ್ಲಿ. ೧೯೮೩ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನದೊಳಗೆ ಇದು ಸೇರಿದೆ. ಕೆಡದ ಸ್ವರ್ಗವನ್ನು ಹುಡುಕಿ ಹೊರಟ ಪ್ರವಾಸಿಗಳು ತಮ್ಮ ಹುಡುಕಾಟದಿಂದಲೇ ಅದನ್ನು ಕೆಡಿಸುವುದು ಇದರ ಕಥಾವಸ್ತು. ವಸ್ತು ಗಂಭೀರವಾದದ್ದು. ಆದರೆ ಇರುವ ಮಾಯಾ ಕೊಲ್ಲಿ ಕಥೆಯ ಸ್ವರ್ಗಕ್ಕೆ ಸಾಲದೆಂದು ಕಂಡಿತು. ಮರಳದಿಬ್ಬವನ್ನು ಸಮಮಾಡಿ, ಅಲ್ಲಿ ಸಹಜವಾಗಿ ಬೆಳೆದ ಗಿಡಗಳನ್ನು ತೆಗೆದು, ತೆಂಗಿನ ಮರಗಳನ್ನು ತಂದು ನೆಡಲಾಯಿತು. ಕೊಲ್ಲಿಯು ಸಮುದ್ರಕ್ಕೆ ತೆರೆದುಕೊಂಡ ಬಾಯಿಯನ್ನು ಗಣಕಯಂತ್ರದ ಸಹಾಯದಿಂದ ಬೆಟ್ಟಗಳಿಟ್ಟು ಮುಚ್ಚಲಾಯಿತು. ಸ್ಥಳೀಯ ಆಡಳಿತಸಂಸ್ಥೆಗಳು ನ್ಯಾಯಾಲಯಕ್ಕೆ ಹೋದುವು. ವ್ಯಾಜ್ಯ ಎರಡು ದಶಕಗಳಿಗೂ ಹೆಚ್ಚು ನಡೆದು, ೨೦೨೨ರ ಸೆಪ್ಟೆಂಬರಿನಲ್ಲಿ ಥಾಯ್ಲೆಂಡಿನ ಸರ್ವೋಚ್ಚ ನ್ಯಾಯಾಲಯವು ಕೊಲ್ಲಿಯನ್ನು ಮೊದಲಿನ ಸ್ಥಿತಿಗೆ ತರುವ ಹೊಣೆಯನ್ನು ಅರಣ್ಯ ಇಲಾಖೆಗೆ ವಿಧಿಸಿತು. ನಿರ್ಮಾಣಸಂಸ್ಥೆ ಒಂದು ಕೋಟಿ ಭಾತ್ ಹಣವನ್ನು ಕೊಡಲು ಒಪ್ಪಿಕೊಂಡಿತ್ತು.

ಚಿತ್ರತಂಡದ ಗುದ್ದಲಿಗಿಂತಲೂ ಚಿತ್ರದ ಕೀರ್ತಿಯೇ ಹೆಚ್ಚಿನ ಹಾನಿ ಮಾಡಿತೆಂದು ಹೇಳಬೇಕು. ತೆರೆಯ ಮೇಲೆ ಕಂಡ ಮರಳನ್ನು ತುಳಿಯಲು ದಿನಕ್ಕೆ ಸಾವಿರಗಟ್ಟಲೆ ಜನ ಬರತೊಡಗಿದರು. ದೋಣಿಗಳ ಲಂಗರುಗಳಿಂದ ಹವಳ ಮುರಿಯಿತು. ೨೦೧೮ರ ಜೂನಿನಲ್ಲಿ ನಾಲ್ಕು ತಿಂಗಳಿಗೆಂದು ಮುಚ್ಚಿದ ಕೊಲ್ಲಿಯನ್ನು ಮತ್ತೆ ತೆರೆದದ್ದು ೨೦೨೨ರ ಜನವರಿಯಲ್ಲಿ, ಅದೂ ದೋಣಿಗಳು ಕೊಲ್ಲಿಯೊಳಗೆ ಬರಕೂಡದು, ಏಕಕಾಲದಲ್ಲಿ ಇಂತಿಷ್ಟೇ ಮಂದಿ ಇರಬೇಕು ಎಂಬ ನಿಯಮಗಳೊಡನೆ. ನಡುವೆ ಮನುಷ್ಯರಿಲ್ಲದ ಆ ನೀರಿಗೆ ಕಪ್ಪುರೆಕ್ಕೆಯ ಶಾರ್ಕು ಮೀನುಗಳು ಹಿಂದಿರುಗಿದ್ದುವು. ಕಥೆಯು ನೀಡಿದ ಎಚ್ಚರಿಕೆಯನ್ನು ಕೃತಿಯ ಪ್ರೇಕ್ಷಕರೇ ನಿಜಮಾಡಿ ತೋರಿಸಿದರು. ಎಚ್ಚರಿಕೆಯನ್ನು ಹೇಳಿದ್ದು ಸಂಭಾಷಣೆ; ಆಹ್ವಾನವಿತ್ತದ್ದು ಚಿತ್ರಿಕೆ. ಚಲಚ್ಚಿತ್ರದಲ್ಲಿ ಇವೆರಡಕ್ಕೂ ವಿರೋಧ ಬಂದಾಗ ಚಿತ್ರಿಕೆಯೇ ಗೆಲ್ಲುತ್ತದೆಂಬುದನ್ನು ವಿಮರ್ಶಕರು ನೆನಪಿನಲ್ಲಿಡಬೇಕು.

೫

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಇದು ಕಲಾವಿಮರ್ಶೆಯಲ್ಲ, ನೀತಿಬೋಧೆ ಎಂಬುದು. ಕೃತಿಯ ಹೊರಗೆ ಆದ ಹಾನಿಯಿಂದ ಕೃತಿಯ ಗುಣವನ್ನು ಅಳೆಯಲಾಗದೆಂಬ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಮೇಲೆ ನೋಡಿದ ಉದಾಹರಣೆಗಳಲ್ಲಿ ಕೊರತೆಯು ಕೃತಿಯ ಒಳಗೂ ಇದೆ. 'ಮೋಆನ'ದ ನಗೆ ತೆಳುವಾಗಿರುವುದಕ್ಕೂ 'ತಾಬು'ವಿನ ದುಃಖ ಗಾಢವಾಗಿರುವುದಕ್ಕೂ, ದ್ವೀಪಕ್ಕೆ ಅದರ ಕಾಲವನ್ನು ಕೊಟ್ಟರೋ ಇಲ್ಲವೋ ಎಂಬುದೇ ಕಾರಣ. ನೆಟ್ಟ ತೆಂಗಿನ ಮರ ಕೃತಕವಾಗಿ ಕಂಡರೆ ಅದು ರಸಭಂಗವೂ ಹೌದು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ದ್ವೀಪವಾಸಿಗಳಿಗೇ ಈ ಚಿತ್ರೀಕರಣ ಬೇಕಾಗಿದೆ. ಫಿಜಿಯ ಸರಕಾರ ಚಿತ್ರನಿರ್ಮಾಪಕರಿಗೆ ತೆರಿಗೆಯ ರಿಯಾಯಿತಿಯನ್ನು ಕೊಟ್ಟು ಕರೆಯುತ್ತದೆ. ಬಡಗಿ, ಅಂಬಿಗ, ಅಡಿಗೆಯವರಿಗೆ ಕೆಲಸ ದೊರೆಯುತ್ತದೆ. ಇದು ನಿಜ, ಇದನ್ನು ತುಚ್ಛವಾಗಿ ಕಾಣುವ ಹಕ್ಕು ದೂರದಲ್ಲಿ ಕುಳಿತ ನಮಗಿಲ್ಲ. ನಾವು ಬೇಡುವುದು ಕ್ಯಾಮರಾ ಹೋಗಬಾರದೆಂದಲ್ಲ. ಹೋದ ಕ್ಯಾಮರಾ ಅಡಿಗೆಯವನನ್ನೂ ಅಂಬಿಗನನ್ನೂ ಕಾಣಲೆಂದು.

ಅದು ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಬೆಂಟ್ಲಿ ಡೀನ್ ಮತ್ತು ಮಾರ್ಟಿನ್ ಬಟ್ಲರ್ ದಿಗ್ದರ್ಶಿಸಿದ 'ತನ್ನಾ' (೨೦೧೫) ಅಂಬಾಯೆಯಿರುವ ವನುವಾಟುವಿನದೇ ಇನ್ನೊಂದು ದ್ವೀಪದ ಕಥೆ. ನಿಶ್ಚಿತ ವಿವಾಹವನ್ನು ನಿರಾಕರಿಸಿದ ಪ್ರೇಮಿಗಳ ಈ ವೃತ್ತಾಂತ ೧೯೮೭ರಲ್ಲಿ ಅಲ್ಲಿ ನಡೆದ ಘಟನೆಯನ್ನು ಆಧರಿಸಿದೆ. ಯಾಕೆಲ್ ಎಂಬ ಹಳ್ಳಿಯ ಜನ ತಮ್ಮದೇ ನೌವ್ಹಾಲ್ ನುಡಿಯಲ್ಲಿ, ತಮ್ಮ ಊರಿನಲ್ಲಿ ಅದನ್ನು ಅಭಿನಯಿಸಿದ್ದಾರೆ. ಇಲ್ಲಿಯೂ ಕೆಂಡ ಕಾರುವ ಯಾಸೂರ್ ಜ್ವಾಲಾಮುಖಿಯಿದೆ. ಅದರ ದೃಶ್ಯ ಅತ್ಯಂತ ರಮ್ಯವಾಗಿಯೂ ಇದೆ. ಆದರೆ ಆ ಬೆಟ್ಟ ಪಾತ್ರಗಳಿಗೆ ಪೂಜ್ಯವಾದದ್ದು, ಅವರು ಮಾತನಾಡಿಸುವಂಥದು. ಆದಕಾರಣ ಅದು ಬರಿಯ ಉದ್ದೀಪನವಾಗಿ ನಿಲ್ಲುವುದಿಲ್ಲ. ಹೊರಗಿನವರು ತೆಗೆದ ಚಿತ್ರವಾದರೂ ಇದರಲ್ಲಿ ಸ್ಥಳದ ಹೆಸರು, ನುಡಿ, ನೆನಪು ಮೂರೂ ಉಳಿದಿವೆ.

ಕನ್ನಡದ ವಾಚಕರಿಗೆ ಈ ಸಂದರ್ಭದಲ್ಲಿ ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಅವರು ದಿಗ್ದರ್ಶಿಸಿದ 'ದ್ವೀಪ' (೨೦೦೨) ನೆನಪಾಗದಿರದು. ಅದರ ದ್ವೀಪ ಸಾಗರಮಧ್ಯದ್ದಲ್ಲ, ಅಣೆಕಟ್ಟಿನ ಹಿನ್ನೀರು ಏರಿ ಮಲೆನಾಡಿನ ಗುಡ್ಡವೊಂದು ಆದ ದ್ವೀಪ. ಮಳೆ, ಹಸುರು, ಸುತ್ತಲೂ ನೀರು, ಇವೆಲ್ಲ ಅಲ್ಲಿಯೂ ಉಂಟು. ಕಣ್ಣಿಗೆ ಬಹಳ ಸುಂದರವೂ ಹೌದು. ಆದರೆ ಆ ನೀರು ಇಷ್ಟಿಷ್ಟೇ ಏರುವುದನ್ನು ನಾಗಿ ಎಂಬ ಹೆಂಗಸಿನ ಕಣ್ಣಿನಿಂದ ನಾವು ನೋಡುತ್ತೇವೆ. ಆಕೆಗೆ ಅದು ದೃಶ್ಯವಲ್ಲ, ಮನೆಯ ಮೆಟ್ಟಿಲಿಗೆ ಬರುತ್ತಿರುವ ವಿಪತ್ತು. ಸೌಂದರ್ಯವೂ ಭಯವೂ ಒಂದೇ ಚಿತ್ರಿಕೆಯಲ್ಲಿ ಕೂಡಿಕೊಳ್ಳುವುದು ಈ ದೃಷ್ಟಿಯ ಫಲ.

ಸಂಸ್ಕೃತದ ದ್ವೀಪ ಶಬ್ದಕ್ಕೆ ಎರಡು ಕಡೆ ನೀರುಳ್ಳದ್ದೆಂದು ವ್ಯುತ್ಪತ್ತಿ ಹೇಳುತ್ತಾರೆ. ಕನ್ನಡದ ನಡುಗಡ್ಡೆ ಎಂಬ ಮಾತು ನೀರಿಗಿಂತ ನಡುವಣ ನೆಲವನ್ನು ಮುಂದಿಡುತ್ತದೆ. ನೂರು ವರ್ಷಗಳ ಚಲಚ್ಚಿತ್ರ ಬಹುಮಟ್ಟಿಗೆ ದ್ವೀಪದ ನೀರನ್ನೇ ನೋಡಿದೆ. ಇನ್ನು ಮುಂದೆ ಇಂಥ ಕೃತಿಗಳನ್ನು ತರಗತಿಯಲ್ಲಿ ಚರ್ಚಿಸುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ: ಈ ಸ್ಥಳದ ನಿಜವಾದ ಹೆಸರೇನು? ಕೃತಿಯಲ್ಲಿ ಅದು ಯಾವ ಕಾಲದಲ್ಲಿದೆ? ಅಲ್ಲಿಯವರು ಯಾವ ನುಡಿಯನ್ನಾಡುತ್ತಾರೆ? ಚೌಕಟ್ಟಿನ ಹೊರಗೆ ಯಾರು ನಿಂತಿದ್ದಾರೆ? ಇವಕ್ಕೆ ಉತ್ತರ ಹುಡುಕುವ ವಿದ್ಯಾರ್ಥಿಗೆ ದೇಶೌಚಿತ್ಯವೆಂಬ ಹಳೆಯ ಮಾತು ಪರೀಕ್ಷೆಗೆ ಬರೆಯುವ ಲಕ್ಷಣವಾಗಿ ಉಳಿಯದೆ, ನೋಡುವ ಒಂದು ಕ್ರಮವಾಗಿ ಒದಗುತ್ತದೆ.